ಸುಳೇಭಾವಿಯ ಶಿವಪುತ್ರ, ಹತ್ತರಗಿಯ ಕ್ಯಾಸೆಟ್

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡಾಡಿದವರಿಗೆ ಹತ್ತರಗಿ ಅಂದ್ರೆ ಟೋಲ್ ನಾಕಾ. ಬಸ್ಸು ನಿಧಾನ ಆದಾಗ ಒಮ್ಮೆ ಕಣ್ಣು ಬಿಟ್ಟು, ಬೆಳಗಾವಿ ಇನ್ನೂ ಬಂದಿಲ್ಲ ಅಂತ ಮತ್ತೆ ನಿದ್ದೆಗೆ ಜಾರುವ ಜಾಗ. ನಮಗೂ ಹಾಗೇ ಇತ್ತು. ಈ ಸೆಮಿಸ್ಟರ್‌ನಿಂದ ಮಾತ್ರ ಹತ್ತರಗಿ ಅಂದ ಕೂಡಲೇ ನೆನಪಾಗೋದು ಒಂದು ಹಳೆಯ ಕ್ಯಾಸೆಟ್, ಮತ್ತು ಅದರ ಮೇಲೆ ನಾವು ಆಡಿಸಿದ ಕತ್ತರಿ.

ನಮ್ಮ ಕನ್ನಡ ಸಂಘದಿಂದ ಈ ಸಲ ರಾಜ್ಯೋತ್ಸವಕ್ಕೆ ನಾಟಕ, ರಸಪ್ರಶ್ನೆ ಜೊತೆಗೆ ಒಂದು ಆಡಿಯೋ ಕಾರ್ಯಕ್ರಮ ಮಾಡೋಣ ಅಂತ ತೀರ್ಮಾನ ಆಯ್ತು. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ದೇಶಕ್ಕೆಲ್ಲ ಗೊತ್ತಾದ ಒಬ್ಬರ ಬದುಕು, ಇಪ್ಪತ್ತು ನಿಮಿಷದಲ್ಲಿ. ಯಾರೋ ಕುಮಾರ ಗಂಧರ್ವ ಅಂದರು. ನಿಜ ಹೇಳಬೇಕಂದ್ರೆ ನಮ್ಮಲ್ಲಿ ಅರ್ಧ ಜನಕ್ಕೆ ಅದು ಬೆಳಗಾವಿಯ ಒಂದು ರಂಗಮಂದಿರದ ಹೆಸರು, ಅಷ್ಟೇ. ಆ ಹೆಸರಿನ ಮನುಷ್ಯ ಎಲ್ಲಿ ಹುಟ್ಟಿದರು, ಏನು ಹಾಡಿದರು, ಒಂದೂ ಗೊತ್ತಿರಲಿಲ್ಲ. ಆಗ ನಮ್ಮ ಜೊತೆಗಿದ್ದ ಹತ್ತರಗಿಯ ಗೆಳೆಯ, ತನ್ನ ಅಜ್ಜನ ಟ್ರಂಕಿನಲ್ಲಿ ಅವರ ಹಾಡಿನ ಕ್ಯಾಸೆಟ್ ಇದೆ ಅಂದ. ಅಂಗಡಿಯಲ್ಲಿ ಕೊಂಡದ್ದಲ್ಲ. ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅಜ್ಜ ತಾವೇ ಹಿಡಿದಿಟ್ಟದ್ದು. ತೊಂಬತ್ತು ನಿಮಿಷದ ಕ್ಯಾಸೆಟ್, ಒಂದೊಂದು ಬದಿಗೆ ನಲವತ್ತೈದು ನಿಮಿಷ.

ಒಂದು ಭಾನುವಾರ ಹೋಗಿ ತಂದ್ವಿ. ಹಾಸ್ಟೆಲ್ಲಿನಲ್ಲಿ ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಎಳೆದು, ಆಡಾಸಿಟಿ ತೆರೆದು, ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಇಡೀ ಬದಿ ತುಂಬಿಸಿಕೊಂಡ್ವಿ. ಕೇಳಿದರೆ ಹಾಡಿಗಿಂತ ಬೇರೆಯದೇ ಜಾಸ್ತಿ. ಟೇಪಿನ ಸುಯ್ ಸದ್ದು, ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು, ರೇಡಿಯೋ ಗರಗರ, ನಡುನಡುವೆ ಪ್ರಕಟಣೆ, ಹಿತ್ತಲಲ್ಲಿ ಎಮ್ಮೆ, ದೂರದಲ್ಲಿ ಲಾರಿ ಹಾರ್ನ್. ಒಂದು ಕಡೆಯಂತೂ ಹಾಡು ನಡೆಯುತ್ತಿರುವಾಗಲೇ ಯಾರೋ ಹೆಂಗಸು ಊಟಕ್ಕೆ ಕರೆಯೋದು ಸ್ಪಷ್ಟವಾಗಿ ಕೇಳ್ತದೆ. ಬೇಡದ್ದನ್ನೆಲ್ಲ ತೆಗೆದು ಹಾಡು ಮಾತ್ರ ಉಳಿಸಬೇಕು ಅನ್ನೋದು ನಮ್ಮ ಯೋಜನೆ. ಬೇಡದ್ದು ಯಾವುದು ಅನ್ನೋ ಪ್ರಶ್ನೆ ಆಗ ಬರಲೇ ಇಲ್ಲ.

ಆ ಕತೆಗೆ ಆಮೇಲೆ ಬರ್ತೀವಿ. ಮೊದಲು ಹಾಡಿದವರ ಕತೆ.

ಮೂರು ನಿಮಿಷದ ಹುಡುಗ

ಬೆಳಗಾವಿಯಿಂದ ಮೀರಜ್ ಕಡೆ ಹೋಗುವ ರೈಲಿಗೆ ಸುಳೇಭಾವಿ ಅಂತ ಒಂದು ಸಣ್ಣ ಸ್ಟೇಷನ್. ಮಹಾಲಕ್ಷ್ಮಿ ಗುಡಿಯ ಊರು. ಅಲ್ಲಿ 1924ರ ಏಪ್ರಿಲ್ 8ರಂದು ಶಿವಪುತ್ರ ಸಿದ್ದರಾಮಯ್ಯ ಕೋಮಕಾಳಿಮಠ ಹುಟ್ಟಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಲಿಂಗಾಯತ ಮಠದ ಮನೆತನ, ತಂದೆಗೆ ಹಾಡಿನ ಹುಚ್ಚು. ಮನೆಯಲ್ಲಿ ಸಂಗೀತ ಇತ್ತು, ಆದರೆ ಹುಡುಗನನ್ನು ಕೂರಿಸಿಕೊಂಡು ಸರಿಗಮ ಹೇಳಿಕೊಟ್ಟವರು ಇರಲಿಲ್ಲ.

ಅದು ಗ್ರಾಮೋಫೋನಿನ ಕಾಲ. ಒಂದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ, ಒಂದು ಬದಿಗೆ ಸುಮಾರು ಮೂರು ನಿಮಿಷ. ಈಗಿನ ನಮಗೆ ಒಂದು ಸಂಗತಿ ಊಹಿಸೋದು ಕಷ್ಟ. ಆಗ ಎಡಿಟಿಂಗ್ ಅನ್ನೋದೇ ಇರಲಿಲ್ಲ. ಹಾಡುವವರ ಮುಂದೆ ಮೇಣದ ತಟ್ಟೆ ತಿರುಗುತ್ತಿತ್ತು, ಸೂಜಿ ಅದರಲ್ಲಿ ಗೆರೆ ಕೊರೆಯುತ್ತಿತ್ತು. ಕೆಮ್ಮು ಬಂದರೆ, ಸ್ವರ ತಪ್ಪಿದರೆ ಆ ತಟ್ಟೆ ಹೋಯ್ತು, ಮೊದಲಿಂದ ಹಾಡಬೇಕು. ಮುಗಿದ ಮೇಲೆ ಕತ್ತರಿಸುವ ಹಾಗಿಲ್ಲ ಅಂದಮೇಲೆ ಹಾಡುವವರು ಮೊದಲೇ ಮನಸ್ಸಿನಲ್ಲಿ ಕತ್ತರಿಸಿಕೊಂಡು ಬರಬೇಕಿತ್ತು. ಬೈಠಕ್ಕಿನಲ್ಲಿ ಒಂದು ತಾಸು ಹರಡುವ ರಾಗವನ್ನು ಅಬ್ದುಲ್ ಕರೀಂ ಖಾನರಂಥವರು ಮೂರು ನಿಮಿಷಕ್ಕೆ ಇಳಿಸಿದ್ದು ಹೀಗೆ. ನಮ್ಮ ಕಡೆಯ ಎಷ್ಟೋ ದೊಡ್ಡ ಹಾಡುಗಾರರಿಗೆ ಮೊದಲ ಗುರು ಈ ತಟ್ಟೆಯೇ. ಗದಗಿನ ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಕರೀಂ ಖಾನರ ತಟ್ಟೆ ಕೇಳಿಯೇ ಗುರು ಹುಡುಕಿಕೊಂಡು ಮನೆ ಬಿಟ್ಟರು ಅನ್ನೋದು ಎಲ್ಲರಿಗೂ ಗೊತ್ತಿರುವ ಮಾತು.

ಸುಳೇಭಾವಿಯ ಹುಡುಗ ಇನ್ನೂ ವಿಚಿತ್ರ. ತಟ್ಟೆಯಲ್ಲಿ ಕೇಳಿದ್ದನ್ನು, ಬೈಠಕ್ಕಿನಲ್ಲಿ ದೊಡ್ಡವರು ಹಾಡಿದ್ದನ್ನು ಇದ್ದ ಹಾಗೇ ಹಾಡಿ ತೋರಿಸುತ್ತಿದ್ದ. ರಾಗ, ತಾಳ ಅಷ್ಟೇ ಅಲ್ಲ. ಆ ಹಾಡುಗಾರ ಎಲ್ಲಿ ದನಿ ಏರಿಸಿದ, ಎಲ್ಲಿ ಎಳೆದ, ಎಲ್ಲಿ ಬಿಟ್ಟ, ಎಲ್ಲಾ ಹಾಗೇ. ಏಳರ ಆಸುಪಾಸಿನ ಈ ಹುಡುಗನ ಹಾಡು ಕೇಳಿದ ಒಬ್ಬ ಸ್ವಾಮಿಗಳು ಕುಮಾರ ಗಂಧರ್ವ ಅಂತ ಹೆಸರಿಟ್ಟರು. ಶಿವಪುತ್ರ ಅನ್ನೋ ಹೆಸರು ಹಿಂದೆ ಸರಿಯಿತು. ತಂದೆ ಮಗನನ್ನು ಕರೆದುಕೊಂಡು ಊರೂರು ಸುತ್ತಿ ಕಚೇರಿ ಮಾಡಿಸಿದರು. 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ದೊಡ್ಡ ದೊಡ್ಡ ಉಸ್ತಾದರು ಕೂತ ಸಭೆಯಲ್ಲಿ ಹಾಡಿ ಬೆರಗು ಮಾಡಿದಾಗ ವಯಸ್ಸು ಹನ್ನೊಂದು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆ ಹುಡುಗ ಒಂದು ಪರಿಪೂರ್ಣ ರೆಕಾರ್ಡರ್. ಒಳಗೆ ಹೋದದ್ದೇ ಹೊರಗೆ ಬರುತ್ತಿತ್ತು, ಒಂದು ಸ್ಯಾಂಪಲ್ಲೂ ಬಿಡದೆ. ಜನ ಚಪ್ಪಾಳೆ ಹೊಡೆದರು, ಪದಕ ಕೊಟ್ಟರು. ಆದರೆ ಅದರಲ್ಲಿ ಅವನದು ಅನ್ನೋದು ಏನಿತ್ತು?

ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರು ಮುಂಬಯಿಯ ಬಿ. ಆರ್. ದೇವಧರ್. ಮೀರಜಿನಲ್ಲಿ ಹುಟ್ಟಿದವರು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯ. ಮುಂಬಯಿಯಲ್ಲಿ ಸ್ವಂತ ಸಂಗೀತ ಶಾಲೆ ನಡೆಸುತ್ತಿದ್ದರು, ಪಾಶ್ಚಾತ್ಯ ಸಂಗೀತವನ್ನೂ ಓದಿಕೊಂಡಿದ್ದರು. ನಮ್ಮ ಘರಾಣೆಯೇ ದೊಡ್ಡದು ಅನ್ನುವ ಜಾತಿಯವರಲ್ಲ. 1936ರಲ್ಲಿ ಕುಮಾರರು ಅವರ ಶಾಲೆಗೆ ಸೇರಿದರು. ಹೆಸರು ಮಾಡಿದ ಹುಡುಗ ಅಲ್ಲಿ ಮತ್ತೆ ವಿದ್ಯಾರ್ಥಿಯಾದ. ಯಾರ ಹಾಡನ್ನಾದರೂ ಕೇಳು, ಎಲ್ಲರಿಂದಲೂ ಕಲಿ, ಆದರೆ ನಕಲು ಮಾಡಬೇಡ ಅನ್ನೋದು ಅಲ್ಲಿನ ಪಾಠದ ತಿರುಳು. ಅಂಜನೀಬಾಯಿ ಮಾಲ್ಪೇಕರರ ಹತ್ತಿರವೂ ಕಲಿತರು. ಹತ್ತು ವರ್ಷದ ಮೇಲೆ ಹೀಗೆ ಕಳೆಯಿತು. ಇಪ್ಪತ್ತರ ಹೊತ್ತಿಗೆ ಅದೇ ಶಾಲೆಯಲ್ಲಿ ಬೇರೆಯವರಿಗೆ ಕಲಿಸುವಷ್ಟಾದರು. ತುಂಬಿಸಿಕೊಂಡದ್ದರಲ್ಲಿ ಏನು ಬಿಡಬೇಕು ಅನ್ನೋದೇ ಅವರ ಕಲಿಕೆಯ ಎರಡನೇ ಭಾಗ ಅಂತ ನಮಗನ್ನಿಸುತ್ತೆ.

ನಮ್ಮ ಕತ್ತರಿ

ಈಗ ಹಾಸ್ಟೆಲ್ ರೂಮಿಗೆ ಬರೋಣ.

ಮೊದಲು ಗದ್ದಲ ಕಡಿಮೆ ಮಾಡೋಣ ಅಂತ ನಾಯ್ಸ್ ರಿಡಕ್ಷನ್ ಹಾಕಿದ್ವಿ. ಬಳಸದವರಿಗೆ ಎರಡು ಮಾತು. ಬರೀ ಗದ್ದಲ ಇರುವ ಒಂದು ತುಣುಕನ್ನು ತಂತ್ರಾಂಶಕ್ಕೆ ಮೊದಲು ತೋರಿಸಬೇಕು. ಆ ತುಣುಕಿನಲ್ಲಿ ಯಾವ ಯಾವ ಆವರ್ತನದಲ್ಲಿ ಎಷ್ಟೆಷ್ಟು ಶಕ್ತಿ ಇದೆ ಅಂತ ಅದು ಫೂರಿಯರ್ ಲೆಕ್ಕದಿಂದ ಅಳೆದಿಟ್ಟುಕೊಳ್ಳುತ್ತೆ. ಆಮೇಲೆ ಇಡೀ ರೆಕಾರ್ಡಿಂಗ್‌ನಲ್ಲಿ ಆಯಾ ಆವರ್ತನದಲ್ಲಿ ಆ ಮಟ್ಟ ದಾಟದೇ ಇರೋದನ್ನೆಲ್ಲ ತಗ್ಗಿಸುತ್ತೆ. ಫ್ಯಾನಿನ ಸದ್ದು, ಟೇಪಿನ ಸುಯ್ ಸದ್ದು ಹೀಗೆ ಹೋಗ್ತವೆ. ಒಂದೇ ಸಮ ಇರುವ ಸದ್ದು ಅಂದ್ರೆ ಗದ್ದಲ, ಏರಿಳಿಯುವ ಸದ್ದು ಅಂದ್ರೆ ಬೇಕಾದದ್ದು. ಅದಕ್ಕೆ ಗೊತ್ತಿರೋದು ಇಷ್ಟೇ.

ನಾವು ತೋರಿಸಿದ್ದು ಹಾಡು ಶುರುವಾಗುವ ಮುಂಚಿನ ಎಂಟು ಸೆಕೆಂಡು. ಅಲ್ಲಿ ಯಾರೂ ಹಾಡ್ತಾ ಇಲ್ಲ, ಮಾತೂ ಇಲ್ಲ, ಹಾಗಾಗಿ ಗದ್ದಲ ಅಂತ ಧೈರ್ಯವಾಗಿ ಆರಿಸಿದ್ವಿ. ಆ ಎಂಟು ಸೆಕೆಂಡಿನಲ್ಲಿ ತಂಬೂರಿ ಇತ್ತು.

ತಂಬೂರಿ ಇದ್ದದ್ದು ನಮಗೆ ಕೇಳಿಸಿತ್ತು ಕೂಡ. ಆದರೆ ಅದನ್ನೊಂದು ವಾದ್ಯ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ. ತಂತ್ರಾಂಶ ನಾವು ಹೇಳಿದಂತೆ ಮಾಡಿತು. ಒಂದೇ ಸಮ ಮಿಡಿಯುವ ನಾಲ್ಕು ತಂತಿಗಳನ್ನು ಗದ್ದಲ ಅಂತ ಪಟ್ಟಿ ಮಾಡಿ ನಲವತ್ತೈದು ನಿಮಿಷದ ಉದ್ದಕ್ಕೂ ಒರೆಸಿ ಹಾಕಿತು. ಸ್ಕ್ರೀನಿನಲ್ಲಿ ಅಲೆಗಳ ಚಿತ್ರ ಎಷ್ಟು ಚೊಕ್ಕಟ ಕಾಣಿಸ್ತು ಅಂದ್ರೆ ನಾವು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡ್ವಿ.

ಮುಂದಿನದು ಇನ್ನೂ ಚಂದ. ತಂಬೂರಿ ಹೋದಮೇಲೆ ಹಾಡಿನ ಸಾಲುಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಉಳಿಯಿತು. ಕಾರ್ಯಕ್ರಮ ಇಪ್ಪತ್ತೇ ನಿಮಿಷ, ಖಾಲಿ ಜಾಗ ಯಾಕೆ ಬೇಕು? ಟ್ರಂಕೇಟ್ ಸೈಲೆನ್ಸ್ ಅಂತ ಒಂದು ಸೌಲಭ್ಯ ಇದೆ. ನಾವು ಕೊಟ್ಟ ಡೆಸಿಬಲ್ ಮಟ್ಟಕ್ಕಿಂತ ಕೆಳಗೆ ಸದ್ದು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೆ ಅದನ್ನು ಮೌನ ಅಂತ ಹಿಡಿದು ಕುಗ್ಗಿಸಿಬಿಡುತ್ತೆ. ಪಾಡ್‌ಕಾಸ್ಟ್ ಮಾಡುವವರು ಅಂ, ಉಂ ನಡುವಿನ ಅಂತರ ತೆಗೆಯೋಕೆ ಇದನ್ನೇ ಬಳಸೋದು. ಒಂದು ಕ್ಲಿಕ್. ನಲವತ್ತೈದು ನಿಮಿಷ ಮೂವತ್ತಮೂರಾಯಿತು. ಹನ್ನೆರಡು ನಿಮಿಷ ಬೇಡದ್ದು ಹೋಯ್ತು ಅಂತ ಖುಷಿ.

ಫೈಲನ್ನು ಗೆಳೆಯನ ಫೋನಿಗೆ ಹಾಕಿ ಮುಂದಿನ ಭಾನುವಾರ ಹತ್ತರಗಿಗೆ ಹೋದ್ವಿ. ಅಜ್ಜ ನಮ್ಮನ್ನೆಲ್ಲ ತಮ್ಮಾ ಅಂತಲೇ ಕರೆಯೋದು. ಚಹಾ ಕೊಟ್ಟು, ಕಟ್ಟೆ ಮೇಲೆ ಕೂತು, ಕಣ್ಣು ಮುಚ್ಚಿ ಕೇಳಿದರು. ಎರಡು ನಿಮಿಷಕ್ಕೆ ಕಣ್ಣು ಬಿಟ್ಟರು. ಬೈಯಲಿಲ್ಲ. ಹಾಡೋರ ಬೆನ್ನಿಗೆ ಯಾರೋ ಬಿದ್ದಂಗೆ ಕೇಳ್ತದೆ ಅನ್ನೋದು ಅವರ ಮೊದಲ ತಕರಾರು. ತಾಳ ಯಾಕೆ ಮುಗ್ಗರಿಸ್ತದೆ ಅನ್ನೋದು ಎರಡನೇದು. ಮೂರನೇದು ಒಂದು ಪ್ರಶ್ನೆ, ಅದನ್ನು ಕೊನೆಗೆ ಹೇಳ್ತೀವಿ.

ವಾಪಸ್ ಬಂದು ಹೆಡ್‌ಫೋನ್ ಹಾಕಿ ಕೇಳಿದಾಗ ತಪ್ಪು ಗೊತ್ತಾಯ್ತು. ನಿಧಾನ ಲಯದಲ್ಲಿ ತಬಲಾದ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಅರ್ಧ ಸೆಕೆಂಡಿಗಿಂತ ಹೆಚ್ಚು ಅಂತರ ಇರುತ್ತೆ. ತಂತ್ರಾಂಶ ಅದನ್ನೂ ಮೌನ ಅಂತ ಕುಗ್ಗಿಸಿತ್ತು. ಹಾಗಾಗಿ ಆವರ್ತನೆ ಪೂರ್ತಿ ಆಗುವ ಮುಂಚೆಯೇ ಸಮ್ ಬಂದು ಬೀಳ್ತಾ ಇತ್ತು. ಹಾಡುಗಾರರು ಒಂದು ಸ್ವರವನ್ನು ಎಸೆದು, ಅದು ತಂಬೂರಿಯಲ್ಲಿ ಕರಗುವವರೆಗೆ ಕಾಯುವ ಜಾಗಗಳೆಲ್ಲ ಮಾಯ. ಎಸೆದದ್ದರ ಹಿಂದೆಯೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಉಸಿರು ತೆಗೆದುಕೊಳ್ಳುವ ಸದ್ದೂ ಇಲ್ಲ.

ಆ ಉಸಿರು ಎಷ್ಟು ದುಬಾರಿಯದು ಅಂತ ನಮಗೆ ಗೊತ್ತಾದದ್ದು ಅವರ ಬದುಕಿನ ಮುಂದಿನ ಭಾಗ ಓದಿದ ಮೇಲೆ.

ಐದು ವರ್ಷದ ಮೌನ

1947ರಲ್ಲಿ ಕುಮಾರರಿಗೆ ಭಾನುಮತಿ ಅವರ ಜೊತೆ ಮದುವೆಯಾಯಿತು. ಭಾನುಮತಿಯೂ ದೇವಧರ್ ಶಾಲೆಯಲ್ಲಿ ಹಾಡು ಕಲಿತವರು. ಆ ಹೊತ್ತಿಗೇ ಅವರಿಗೆ ಕ್ಷಯ ರೋಗ ಅಂತ ಗೊತ್ತಾಯಿತು. ಇಪ್ಪತ್ತಮೂರು ವಯಸ್ಸು, ಹೆಸರು ಏರುತ್ತಿರುವ ಹೊತ್ತು, ಶ್ವಾಸಕೋಶಕ್ಕೇ ಪೆಟ್ಟು. ಮುಂಬಯಿಯ ತೇವದ ಗಾಳಿ ಆಗದು, ಒಣ ಹವೆ ಬೇಕು ಅಂತ 1948ರಲ್ಲಿ ಮಧ್ಯಪ್ರದೇಶದ ಮಾಳವಾ ಪ್ರಾಂತದ ದೇವಾಸಕ್ಕೆ ಹೋದರು. ಹಾಡಲೇ ಬಾರದು ಅಂತ ವೈದ್ಯರ ಕಟ್ಟಪ್ಪಣೆ. ಭಾನುಮತಿ ಶಾಲೆಯಲ್ಲಿ ಪಾಠ ಮಾಡಿ ಮನೆ ನಡೆಸಿದರು, ಗಂಡನ ಆರೈಕೆ ಮಾಡಿದರು.

ಅವತ್ತಿಗೆ ಕ್ಷಯ ಅಂದ್ರೆ ಬದುಕು ಮುಗಿಯಿತು ಅಂತಲೇ ಲೆಕ್ಕ. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದಿದ್ದರು. ಕ್ಷಯದ ಮೇಲೆ ನಿಜವಾಗಿ ಕೆಲಸ ಮಾಡಿದ ಮೊದಲ ಔಷಧಿ ಅದು. ದೇವಾಸದಲ್ಲಿ ಮಲಗಿದ್ದ ಹಾಡುಗಾರನನ್ನು ಕೊನೆಗೆ ಉಳಿಸಿದ್ದು ಅದೇ. ಜೀವ ಉಳಿಯಿತು. ಒಂದು ಶ್ವಾಸಕೋಶ ಮಾತ್ರ ಕೆಲಸಕ್ಕೆ ಬಾರದಾಯಿತು.

ಅವರ ಬಗ್ಗೆ ಬರೆಯುವ ಸಣ್ಣ ಪರಿಚಯಗಳಲ್ಲಿ ಈ ಐದು ವರ್ಷ ಒಂದು ಸಾಲಿನಲ್ಲಿ ಮುಗಿಯುತ್ತೆ. ಕಾಯಿಲೆ ಬಿದ್ದರು, ಗುಣವಾದರು, ಮತ್ತೆ ಹಾಡಿದರು. ನಮ್ಮ ಕಾರ್ಯಕ್ರಮದ ಮೊದಲ ಸ್ಕ್ರಿಪ್ಟಿನಲ್ಲೂ ಹಾಗೇ ಬರೆದಿದ್ವಿ. ಹಾಡಿಲ್ಲ ಅಂದಮೇಲೆ ಹೇಳೋದೇನಿದೆ? ಬದುಕಿಗೂ ಟ್ರಂಕೇಟ್ ಸೈಲೆನ್ಸ್ ಹಾಕಿದ್ವಿ ನೋಡ್ರಿ.

ಆದರೆ ಆ ಐದು ವರ್ಷದಲ್ಲಿ ಏನಾಯಿತು ಅಂತ ನೋಡಿದರೆ, ಮುಂದಿನ ಕುಮಾರ ಗಂಧರ್ವರು ತಯಾರಾದದ್ದೇ ಅಲ್ಲಿ. ಹಾಡುವ ಹಾಗಿಲ್ಲ, ಕೇಳುವ ಹಾಗಿದೆ. ಕಿಟಕಿಯಾಚೆ ಹಕ್ಕಿಗಳು. ಓಣಿಯಲ್ಲಿ ಹೆಂಗಸರು ಮದುವೆಗೆ, ಹಬ್ಬಕ್ಕೆ, ಮಳೆಗೆ ಹಾಡುವ ಮಾಳವಿ ಪದಗಳು. ಬೀದಿಯಲ್ಲಿ ಹಾಡಿಕೊಂಡು ಹೋಗುವ ನಾಥಪಂಥದ ಜೋಗಿಗಳು, ಅವರ ಬಾಯಲ್ಲಿ ಕಬೀರರ ನಿರ್ಗುಣಿ ಪದಗಳು. ಚಿಕ್ಕಂದಿನಲ್ಲಿ ಕೇಳಿದ್ದನ್ನು ತಕ್ಷಣ ವಾಪಸ್ ಹಾಡಿಬಿಡುತ್ತಿದ್ದ ಹುಡುಗನಿಗೆ ಈಗ ವಾಪಸ್ ಹಾಡೋಕೆ ಆಗ್ತಿರಲಿಲ್ಲ. ಕೇಳಿದ್ದೆಲ್ಲ ಒಳಗೇ ಉಳಿಯಬೇಕಾಯಿತು. ಜಾನಪದದ ಮೂರು-ನಾಲ್ಕು ಸ್ವರದ ಮಟ್ಟುಗಳಲ್ಲಿ ರಾಗದ ಬೀಜ ಇದೆ ಅನ್ನೋದು ಅವರಿಗೆ ಹೊಳೆದದ್ದು ಹೀಗೆ ಮಲಗಿ ಕೇಳುತ್ತಲೇ.

1953ರಲ್ಲಿ ಮತ್ತೆ ವೇದಿಕೆ ಹತ್ತಿದರು. ಕೇಳಿದವರಿಗೆ ಬಂದದ್ದು ಬೇರೆಯೇ ಹಾಡುಗಾರ. ಉದ್ದುದ್ದ ಎಳೆಯುವ ಬದಲು ಸಣ್ಣ ಸಣ್ಣ ತುಣುಕು. ಥಟ್ಟನೆ ಮೇಲಕ್ಕೆ ಹಾರುವ ದನಿ, ಅಷ್ಟೇ ಥಟ್ಟನೆ ಪಿಸುಮಾತಿನಷ್ಟು ಮೆತ್ತಗೆ. ನಡುವೆ ಬಿಡುವು. ಆ ಬಿಡುವಿನಲ್ಲಿ ತಂಬೂರಿ. ತಂಬೂರಿ ಶ್ರುತಿ ಮಾಡೋದರಲ್ಲಿ ಅವರ ಹಟ ಆಮೇಲೆ ಹೆಸರುವಾಸಿಯೇ ಆಯಿತು. ತಂತಿ ಕೂಡದೆ ಹಾಡು ಶುರುವಾಗುತ್ತಿರಲಿಲ್ಲ. ನಾವು ಗದ್ದಲ ಅಂತ ಒರೆಸಿದ್ದು ಅದನ್ನ.

ಇದು ಬರೀ ಅಸಹಾಯಕತೆಯೇ ಅಂತ ಕೇಳಬಹುದು. ಒಂದೇ ಶ್ವಾಸಕೋಶ, ಉಸಿರು ಸಾಲದು, ಅದಕ್ಕೆ ತುಂಡು ತುಂಡಾಗಿ ಹಾಡಿದರು ಅಂತ ಆಗಲೂ ಹೇಳಿದವರಿದ್ದರು. ಘರಾಣೆ ಇಲ್ಲ, ಶಿಸ್ತು ಇಲ್ಲ, ಖ್ಯಾಲನ್ನು ಮುರಿದರು ಅಂತ ಸಂಪ್ರದಾಯಸ್ಥರು ಸಿಟ್ಟಾದರು. ಉಸಿರಿನ ಮಿತಿ ಇದ್ದದ್ದು ನಿಜವೇ. ಎಂಜಿನಿಯರಿಂಗ್ ಓದುವ ನಮಗೆ ಇದು ಅರ್ಥವಾಗುವ ವಿಷಯ. ಮೆಮೊರಿ ಇಷ್ಟೇ, ಬ್ಯಾಟರಿ ಇಷ್ಟೇ, ಅದರೊಳಗೇ ಡಿಸೈನ್ ಮಾಡಬೇಕು. ಆದರೆ ಮಿತಿ ಒಂದೇ ಇದ್ದರೆ ಸಂಗೀತ ಆಗೋದಿಲ್ಲ. ಎಷ್ಟೋ ಜನಕ್ಕೆ ಉಸಿರು ಕಡಿಮೆಯಾಗಿದೆ, ಅವರೆಲ್ಲ ಹೀಗೆ ಹಾಡಲಿಲ್ಲ. ಯಾವ ಸ್ವರಕ್ಕೆ ಉಸಿರು ಖರ್ಚು ಮಾಡಬೇಕು, ಯಾವುದನ್ನು ತಂಬೂರಿಗೆ, ಕೇಳುವವರ ನೆನಪಿಗೆ ಬಿಡಬೇಕು ಅಂತ ಆರಿಸಿದ್ದು ಅವರ ಬುದ್ಧಿ. ಆ ಆಯ್ಕೆಗೆ ದೇವಧರ್ ಶಾಲೆಯ ಹತ್ತು ವರ್ಷವೂ ಬೇಕಾಯಿತು, ದೇವಾಸದ ಐದು ವರ್ಷವೂ ಬೇಕಾಯಿತು.

ದೇವಾಸದವರೇ ಆದರು

ಗುಣವಾದ ಮೇಲೂ ಅವರು ಮುಂಬಯಿಗೆ ವಾಪಸ್ ಹೋಗಲಿಲ್ಲ, ದೇವಾಸದಲ್ಲೇ ಉಳಿದರು. ಮಾಳವಾದ ಜಾನಪದ ಮಟ್ಟುಗಳಿಂದ ಹೊಸ ರಾಗಗಳನ್ನು ಕಟ್ಟಿದರು. ಮಧಸುರಜಾ, ಸಹೇಲಿ ತೋಡಿ, ಲಗನ ಗಾಂಧಾರ ಅಂಥವು. ಮಳೆಗಾಲದ ಹಾಡುಗಳದೇ ಒಂದು ಪೂರ್ತಿ ಕಾರ್ಯಕ್ರಮ, ವಸಂತದ್ದೇ ಇನ್ನೊಂದು, ಹೀಗೆ ಒಂದು ವಿಷಯ ಹಿಡಿದು ಕಚೇರಿ ಕಟ್ಟುವ ಪದ್ಧತಿ ತಂದರು. ಕಬೀರ, ಸೂರದಾಸ, ಮೀರಾ ಮೂವರ ಪದಗಳನ್ನು ಸೇರಿಸಿ ತ್ರಿವೇಣಿ ಮಾಡಿದರು. ತುಕಾರಾಮ, ತುಲಸೀದಾಸರ ಮೇಲೆ ಬೇರೆ ಬೇರೆ ಕಾರ್ಯಕ್ರಮ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹಾಡುಗಳನ್ನು ತಾವು ಅರ್ಥ ಮಾಡಿಕೊಂಡ ರೀತಿಯಲ್ಲಿ ಹಾಡಿ ತೋರಿಸಿದರು. ಹುಡುಗನಾಗಿದ್ದಾಗ ಮಾಡುತ್ತಿದ್ದಂಥ ನಕಲು ಅದಲ್ಲ. 1965ರಲ್ಲಿ ತಮ್ಮ ರಚನೆಗಳ ಪುಸ್ತಕ ಅನೂಪ ರಾಗ ವಿಲಾಸ ತಂದರು. ಗಾಂಧೀಜಿ ಜನ್ಮಶತಮಾನೋತ್ಸವಕ್ಕೆ ಗಾಂಧಿ ಮಲ್ಹಾರ ಅನ್ನೋ ರಾಗ ಕಟ್ಟಿದರು. ಬೆಳಗಾವಿ ಅಧಿವೇಶನದ ವರ್ಷ ಹುಟ್ಟಿದ ಹುಡುಗ ಅಂತ ನೆನೆಸಿಕೊಂಡರೆ ನಮ್ಮ ಕಡೆಯವರಿಗೆ ಸ್ವಲ್ಪ ಹೆಮ್ಮೆ ಜಾಸ್ತಿಯೇ ಆಗುತ್ತೆ.

ಮನೆಯಲ್ಲಿ ಮಾತ್ರ ಇನ್ನೊಂದು ಪೆಟ್ಟು. ಕಾಯಿಲೆಯ ವರ್ಷಗಳಲ್ಲಿ ಕಾಪಾಡಿದ ಭಾನುಮತಿ 1961ರಲ್ಲಿ, ಎರಡನೇ ಮಗನ ಹೆರಿಗೆಯ ಹೊತ್ತಿನಲ್ಲಿ, ತೀರಿಕೊಂಡರು. ಮರುವರ್ಷ ತಮ್ಮ ಶಿಷ್ಯೆ ವಸುಂಧರಾ ಅವರನ್ನು ಮದುವೆಯಾದರು. ವಸುಂಧರಾ ಮುಂದೆ ವೇದಿಕೆಯಲ್ಲಿ ಅವರ ಜೊತೆ ಕೂತು ಹಾಡಿದರು. ಆ ಹಳೆ ಧ್ವನಿಮುದ್ರಣಗಳಲ್ಲಿ ಕುಮಾರರು ಬಿಟ್ಟ ಜಾಗದಲ್ಲಿ ಮೆಲ್ಲಗೆ ಕೇಳಿಬರುವ ಹೆಣ್ಣು ದನಿ ಎಷ್ಟೋ ಸಲ ಅವರದೇ. ಮಗ ಮುಕುಲ್ ಶಿವಪುತ್ರ, ಮಗಳು ಕಲಾಪಿನಿ ಇಬ್ಬರೂ ಹಾಡುಗಾರರಾದರು. ಮಗ ಅಜ್ಜಿ ಊರಿನ ಕಾಲದ ಶಿವಪುತ್ರ ಅನ್ನೋ ಹೆಸರನ್ನು ತನ್ನ ಹೆಸರಿನ ಪಕ್ಕ ಇಟ್ಟುಕೊಂಡದ್ದು ನಮಗೆ ಇಷ್ಟವಾದ ಸಂಗತಿ.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು. 1992ರ ಜನವರಿ 12ರಂದು ದೇವಾಸದಲ್ಲಿ ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರೂ ಹೋದರು. ನಾವ್ಯಾರೂ ಆಗ ಹುಟ್ಟಿರಲಿಲ್ಲ.

ಅಜ್ಜನ ಮೂರನೇ ಪ್ರಶ್ನೆ

ಎಲ್ಲ ತಪ್ಪು ಮಾಡಿದರೂ ಒಂದು ಸರಿ ಮಾಡಿದ್ವಿ. ಕ್ಯಾಸೆಟ್‌ನಿಂದ ಬಂದ ಮೊದಲ ಫೈಲನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ವಿ. ಹಿಂದೆ ರೇಡಿಯೋ ಕೇಂದ್ರಗಳಲ್ಲಿ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು, ಬೇಡದ ತುಂಡು ತೆಗೆದು, ಅಂಟುಪಟ್ಟಿ ಹಚ್ಚಿ ಜೋಡಿಸುತ್ತಿದ್ದರು. ಅಲ್ಲಿ ತಪ್ಪಿದರೆ ಕಸದ ಬುಟ್ಟಿಯಲ್ಲಿ ತುಂಡು ಹುಡುಕಬೇಕು. ನಮಗೆ ಕಂಟ್ರೋಲ್ ಝಡ್ ಇದೆ. ಫೈಲ್ ಮುಚ್ಚಿದರೆ ಅದೂ ಹೋಗುತ್ತೆ, ಹಾಗಾಗಿ ಮೂಲ ಪ್ರತಿ ಬೇರೆ ಇರಲೇಬೇಕು.

ಮೊದಲಿಂದ ಶುರು ಮಾಡಿದ್ವಿ. ಈ ಸಲ ಗದ್ದಲದ ಮಾದರಿಗೆ ಆರಿಸಿದ್ದು ಕ್ಯಾಸೆಟ್‌ನ ತುದಿಯಲ್ಲಿ, ಕಾರ್ಯಕ್ರಮ ಮುಗಿದು ರೇಡಿಯೋ ಆರಿಸಿದ ಮೇಲೆ ಉಳಿದ ಖಾಲಿ ಟೇಪಿನ ಸದ್ದು. ಅದರಲ್ಲಿ ತಂಬೂರಿ ಇಲ್ಲ. ತಗ್ಗಿಸಿದ್ದೂ ಸ್ವಲ್ಪವೇ. ಸುಯ್ ಸದ್ದು ಪೂರ್ತಿ ಹೋಗಿಲ್ಲ, ಇರಲಿ ಅಂತ ಬಿಟ್ವಿ. 50 ಹರ್ಟ್ಸಿನ ಗುಂಯ್ ಸದ್ದಿಗೆ ಕಿರಿದಾದ ನಾಚ್ ಫಿಲ್ಟರ್ ಹಾಕಿದ್ವಿ. ಪ್ರಕಟಣೆಗಳನ್ನು ಕೈಯಾರೆ ಹುಡುಕಿ ತೆಗೆದ್ವಿ. ಅಲೆ ಸೊನ್ನೆ ಗೆರೆ ದಾಟುವ ಬಿಂದುವಿನಲ್ಲೇ ಕೊಯ್ದರೆ ಟಕ್ ಅನ್ನೋ ಸದ್ದು ಬರೋಲ್ಲ. ಎರಡೂ ತುದಿಗೆ ಸಣ್ಣ ಫೇಡ್ ಕೊಟ್ಟರೆ ಹೊಲಿಗೆ ಕಾಣೋಲ್ಲ. ಹಾಡಿನ ನಡುವಿನ ಲಾರಿ ಹಾರ್ನನ್ನು ಕತ್ತರಿಸಿ ತೆಗೆದರೆ ತಾಳ ಹೋಗುತ್ತೆ. ಅದಕ್ಕೆ ಆ ಜಾಗದ ಉದ್ದ ಹಾಗೇ ಇಟ್ಟು, ಸದ್ದಿನ ಮಟ್ಟ ಮಾತ್ರ ಇಳಿಸಿದ್ವಿ. ಎಮ್ಮೆಯನ್ನೂ ಹಾಗೇ. ಮೌನಗಳನ್ನು ಮುಟ್ಟಲಿಲ್ಲ. ಇಪ್ಪತ್ತು ನಿಮಿಷಕ್ಕೆ ಬೇಕಾದರೆ ಕಡಿಮೆ ಹಾಡು ಹಾಕೋಣ, ಹಾಕಿದಷ್ಟು ಪೂರ್ತಿ ಇರಲಿ ಅಂತ ನಿರ್ಧರಿಸಿ, ಒಂದೇ ಒಂದು ನಿರ್ಗುಣಿ ಪದವನ್ನು ಮೊದಲ ತಂಬೂರಿ ಮಿಡಿತದಿಂದ ಕೊನೆವರೆಗೂ ಇಟ್ವಿ. ಸ್ಕ್ರಿಪ್ಟಿನಲ್ಲಿ ದೇವಾಸದ ಐದು ವರ್ಷಕ್ಕೆ ಅತಿ ಹೆಚ್ಚು ಜಾಗ ಕೊಟ್ವಿ.

ಇನ್ನು ಆ ಮೂರನೇ ಪ್ರಶ್ನೆ. ಅಜ್ಜ ಕೇಳಿದ್ದು, ಅಕಿ ದನಿ ಎಲ್ಲಿ ಹೋಯ್ತು ಅಂತ. ನಮಗೆ ಅರ್ಥ ಆಗಲಿಲ್ಲ. ಗೆಳೆಯನ ಮುಖ ನೋಡಿದ್ವಿ, ಅವನೂ ನೆಲ ನೋಡ್ತಿದ್ದ. ಊಟಕ್ಕೆ ಕರೆದ ಆ ಹೆಂಗಸು ಅವನ ಅಜ್ಜಿ. ತೀರಿಕೊಂಡು ಬಹಳ ವರ್ಷ ಆಗಿದೆ. ಆ ಕಾಲದಲ್ಲಿ ಮನೆಯಲ್ಲಿ ವಿಡಿಯೋ ಇಲ್ಲ, ಫೋನ್ ಇಲ್ಲ. ಅವರ ದನಿ ಇದ್ದದ್ದು ಇಡೀ ಲೋಕದಲ್ಲಿ ಆ ಕ್ಯಾಸೆಟ್‌ನ ನಾಲ್ಕು ಸೆಕೆಂಡಿನಲ್ಲಿ ಮಾತ್ರ. ನಾವು ಎಲ್ಲಕ್ಕಿಂತ ಮೊದಲು ಗುರುತು ಹಾಕಿ ಡಿಲೀಟ್ ಒತ್ತಿದ್ದು ಅದನ್ನೇ. ಅಜ್ಜ ಇಷ್ಟು ವರ್ಷ ಆ ಕ್ಯಾಸೆಟ್ ಜೋಪಾನ ಮಾಡಿದ್ದು ಕುಮಾರ ಗಂಧರ್ವರಿಗಾಗಿಯೋ ಅಜ್ಜಿಗಾಗಿಯೋ, ನಾವು ಕೇಳಲಿಲ್ಲ.

ಈಗ ಎರಡು ಫೈಲ್ ಇವೆ. ಒಂದು ರಾಜ್ಯೋತ್ಸವದ ಕಾರ್ಯಕ್ರಮದ್ದು, ಅದರಲ್ಲಿ ಅಜ್ಜಿ ಇಲ್ಲ. ಇನ್ನೊಂದು ಎಮ್ಮೆ, ಲಾರಿ, ಪ್ರಕಟಣೆ, ಅಜ್ಜಿ ಎಲ್ಲಾ ಇರುವ ಪೂರ್ತಿ ನಲವತ್ತೈದು ನಿಮಿಷದ್ದು. ಅದನ್ನು ಪೆನ್‌ಡ್ರೈವಿಗೆ ಹಾಕಿ, ಕ್ಯಾಸೆಟ್ ಜೊತೆಗೆ ಹತ್ತರಗಿಗೆ ಹೋಗಿ ಕೊಟ್ಟು ಬಂದ್ವಿ. ಅಜ್ಜ ಕೇಳ್ತಾ ಕೂತರು. ಆ ಜಾಗ ಬಂದಾಗ ಕೈ ಸ್ವಲ್ಪ ಎತ್ತಿ ನಮ್ಮನ್ನು ಸುಮ್ಮನಿರಿಸಿದರು. ನಾವು ಮೊದಲೇ ಸುಮ್ಮನಿದ್ವಿ.

ನಿಮ್ಮ ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿ ಇಂಥ ಕ್ಯಾಸೆಟ್ ಇದ್ದರೆ ಸಂಘದ ರೂಮಿಗೆ ತನ್ನಿ. ಟೇಪ್ ರೆಕಾರ್ಡರ್ ಇದೆ, ವೈರ್ ಇದೆ, ಈಗ ಸ್ವಲ್ಪ ಅನುಭವವೂ ಇದೆ. ಶನಿವಾರ ಮಧ್ಯಾಹ್ನ ಲ್ಯಾಬ್ ಮುಗಿದ ಮೇಲೆ ನಾವು ಅಲ್ಲೇ ಇರ್ತೀವಿ. ಬರುವ ಮುಂಚೆ ಮನೆಯಲ್ಲಿ ದೊಡ್ಡವರ ಜೊತೆ ಕೂತು ಒಮ್ಮೆ ಪೂರ್ತಿ ಕೇಳಿಸಿಕೊಂಡು ಬನ್ನಿ. ಏನು ತೆಗೆಯಬೇಕು ಅಂತ ಅವರೇ ಹೇಳಲಿ.